ಇನ್ಸುಲಿನ್ ಇತ್ತು, ಸಕ್ಕರೆಗೆ ಸ್ಪಂದನೆ ಇರಲಿಲ್ಲ: ಬೀಟಾ ಕೋಶ ಬೆಳೆಸಲು ಹೋದ ಒಂದು ಪ್ರಕರಣ

2006ರಲ್ಲಿ ಅಮೆರಿಕದ ನೊವೊಸೆಲ್ ಎಂಬ ಕಂಪನಿಯಿಂದ ಒಂದು ಸಂಶೋಧನಾ ವರದಿ ಬಂತು. ಕೆವಿನ್ ಡಿ'ಅಮೂರ್ ಮತ್ತು ಸಂಗಡಿಗರು ಮಾನವ ಭ್ರೂಣದ ಸ್ಟೆಮ್ ಸೆಲ್‌ಗಳನ್ನು, ಅಂದರೆ ದೇಹದ ಯಾವ ಕೋಶ ಬೇಕಾದರೂ ಆಗಬಲ್ಲ ಮೂಲ ಕೋಶಗಳನ್ನು, ತಟ್ಟೆಯಲ್ಲಿ ಬೆಳೆಸಿದ್ದರು. ಐದು ಹಂತಗಳಲ್ಲಿ ಬೇರೆ ಬೇರೆ ಗ್ರೋತ್ ಫ್ಯಾಕ್ಟರ್‌ಗಳನ್ನೂ (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್‌ಗಳು) ರಾಸಾಯನಿಕಗಳನ್ನೂ ಕೊಟ್ಟು, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಪಡೆದಿದ್ದರು. ಆ ಕೋಶಗಳಲ್ಲಿದ್ದ ಇನ್ಸುಲಿನ್ ಪ್ರಮಾಣ, ದೊಡ್ಡವರ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿರುವ ಮಟ್ಟದ ಹತ್ತಿರಕ್ಕೆ ಬಂದಿತ್ತು.

ತೊಂದರೆ ಬೇರೆ ಕಡೆ ಇತ್ತು. ಗ್ಲೂಕೋಸ್ ಕೊಟ್ಟರೆ ಅವು ಹೆಚ್ಚುಕಮ್ಮಿ ಸುಮ್ಮನೆ ಕೂತಿದ್ದವು. ಪೊಟ್ಯಾಸಿಯಂ ಉಪ್ಪಿನಂಥ ಬೇರೆ ಪ್ರಚೋದಕ ಕೊಟ್ಟರೆ ಇನ್ಸುಲಿನ್ ಹೊರಗೆ ಬಿಡುತ್ತಿದ್ದವು. ಅಂದರೆ ದಾಸ್ತಾನು ಇತ್ತು, ಹೊರಗೆ ಬಿಡುವ ಬಾಗಿಲೂ ಇತ್ತು. ಯಾವಾಗ ಬಿಡಬೇಕು ಅನ್ನುವ ತಿಳಿವಳಿಕೆ ಮಾತ್ರ ಇರಲಿಲ್ಲ. ಜೊತೆಗೆ ಇನ್ನೊಂದು ವಿಚಿತ್ರ. ಎಷ್ಟೋ ಕೋಶಗಳಲ್ಲಿ ಇನ್ಸುಲಿನ್ ಜೊತೆಗೆ ಗ್ಲುಕಗಾನ್ ಹಾರ್ಮೋನೂ ಇತ್ತು. ಒಂದು ರಕ್ತದ ಸಕ್ಕರೆ ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ದೊಡ್ಡವರ ದೇಹದ ಬೀಟಾ ಕೋಶ ಇವೆರಡನ್ನೂ ಒಟ್ಟಿಗೆ ಮಾಡುವುದಿಲ್ಲ.

ಈ ಎಡವಟ್ಟು ಎಲ್ಲಿ ಆಯಿತು, 2014ರ ಹೊತ್ತಿಗೆ ಅದು ಹೇಗೆ ಸರಿಹೋಯಿತು, ಆಮೇಲೂ ಏನು ಉಳಿಯಿತು ಎನ್ನುವುದೇ ಈ ಪ್ರಕರಣ. ಸ್ಟೆಮ್ ಸೆಲ್ ಬಗ್ಗೆ ಓದುವಾಗ 'ಈ ಫ್ಯಾಕ್ಟರ್ ಹಾಕಿದರೆ ಆ ಕೋಶ ಸಿಗುತ್ತದೆ' ಎಂಬ ಪಟ್ಟಿ ಎಲ್ಲ ಕಡೆ ಕಾಣುತ್ತದೆ. ಈ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ಪಟ್ಟಿ ಎಷ್ಟು ಅರೆಬರೆ ಅನ್ನುವುದು ಗೊತ್ತಾಗುತ್ತದೆ. ಯಾವ ಕೋಶ ಆಗಬೇಕು ಅನ್ನುವ ವಿವರ ಫ್ಯಾಕ್ಟರ್ ಒಳಗೆ ಬರೆದಿರುವುದಿಲ್ಲ. ಕೋಶ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ, ಸಂಕೇತ ಎಷ್ಟು ಜೋರಾಗಿದೆ, ಎಷ್ಟು ದಿನ ಇದೆ, ಯಾವಾಗ ನಿಲ್ಲುತ್ತದೆ, ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ.

ಬೀಟಾ ಕೋಶವೇ ಯಾಕೆ

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ಪಡೆ ತನ್ನದೇ ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. 1922ರಿಂದ ಇನ್ಸುಲಿನ್ ಚುಚ್ಚುಮದ್ದು ಇದೆ, ಜೀವ ಉಳಿಸುತ್ತದೆ. ಆದರೆ ಎಷ್ಟು ಬೇಕು, ಯಾವಾಗ ಬೇಕು ಎಂದು ಮನುಷ್ಯನೇ ಲೆಕ್ಕ ಹಾಕಬೇಕು. ಬೀಟಾ ಕೋಶ ಆ ಲೆಕ್ಕವನ್ನು ಕ್ಷಣಕ್ಷಣವೂ ತಾನೇ ಮಾಡುತ್ತದೆ. ಗ್ಲೂಕೋಸ್ ಒಳಗೆ ಬಂದು ಉರಿದಾಗ ಕೋಶದಲ್ಲಿ ಶಕ್ತಿಯ ಅಣು ಎಟಿಪಿ ಜಾಸ್ತಿಯಾಗುತ್ತದೆ. ಅದರಿಂದ ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ತುಂಬಿದ ಚೀಲಗಳು ಹೊರಗೆ ಸುರಿಯುತ್ತವೆ. ನೊವೊಸೆಲ್ ಕೋಶಗಳು ಸೋತದ್ದು ಈ ಸರಪಳಿಯ ಮೊದಲ ಭಾಗದಲ್ಲಿ.

ಬೇರೆಯವರ ಬೀಟಾ ಕೋಶ ಹಾಕಿದರೆ ಕೆಲಸ ಆಗುತ್ತದೆ ಎಂಬುದು ಆಗಲೇ ಗೊತ್ತಿತ್ತು. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೊ ತಂಡ ಮೃತ ದಾನಿಗಳ ಗ್ರಂಥಿಯಿಂದ ತೆಗೆದ ಕೋಶಗುಚ್ಛಗಳನ್ನು ಏಳು ರೋಗಿಗಳಿಗೆ ಹಾಕಿತ್ತು. ಏಳೂ ಜನ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದರು. ಆದರೆ ಒಬ್ಬ ರೋಗಿಗೆ ಎರಡು ಅಥವಾ ಹೆಚ್ಚು ದಾನಿಗಳ ಗ್ರಂಥಿ ಬೇಕಾಗಿತ್ತು. ಅಷ್ಟು ದಾನಿಗಳನ್ನು ಎಲ್ಲಿಂದ ತರುವುದು? 1998ರಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ ಬೆಳೆಸಿದ್ದರು. ಅವು ಎಷ್ಟು ಬೇಕಾದರೂ ಮರಿ ಹಾಕುತ್ತವೆ. ಹಾಗಾಗಿ ಎಲ್ಲರ ಕಣ್ಣು ಆ ಕಡೆ ಹೋಯಿತು.

ಮೊದಲ ಹಂತ: ಒಂದೇ ಫ್ಯಾಕ್ಟರ್, ಎರಡು ಪರಿಣಾಮ

ಗ್ರೋತ್ ಫ್ಯಾಕ್ಟರ್ ಅಂದರೆ ಸಾಮಾನ್ಯವಾಗಿ ಒಂದು ಸಣ್ಣ ಪ್ರೋಟೀನ್. ಒಂದು ಕೋಶ ಹೊರಗೆ ಬಿಟ್ಟದ್ದು ಇನ್ನೊಂದರ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕ ಒಳಗಿನ ಪ್ರೋಟೀನ್‌ಗಳನ್ನು ಎಬ್ಬಿಸುತ್ತದೆ. ಕೊನೆಗೆ ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ಕೆಲವು ಬಂದ್ ಆಗುತ್ತವೆ. ಪಠ್ಯಪುಸ್ತಕದ ವಿವರಣೆ ಇಷ್ಟೇ. ಇದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಪ್ರಕರಣದ ತಿರುಳು ಇದರಲ್ಲಿ ಸಿಗುವುದಿಲ್ಲ.

ಮೇದೋಜೀರಕ ಗ್ರಂಥಿ ಭ್ರೂಣದ ಒಳಪದರದಿಂದ ಬರುತ್ತದೆ. ಕರುಳು, ಲಿವರ್, ಶ್ವಾಸಕೋಶದ ಒಳಗೋಡೆಯ ಮೂಲವೂ ಅದೇ. ಹಾಗಾಗಿ ಸ್ಟೆಮ್ ಸೆಲ್ ಮೊದಲು ಒಳಪದರದ ಕೋಶ ಆಗಬೇಕು. ಭ್ರೂಣದಲ್ಲಿ ಈ ಕೆಲಸ ಮಾಡುವುದು ನೋಡಲ್ ಎಂಬ ಪ್ರೋಟೀನ್. ತಟ್ಟೆಯಲ್ಲಿ ಅದರ ಬದಲಿಗೆ ಬಳಸುವುದು ಆಕ್ಟಿವಿನ್ ಎ. ಇದು ಮೊದಲು ಸಿಕ್ಕಿದ್ದು 1986ರಲ್ಲಿ, ಅದೂ ಹಂದಿಯ ಅಂಡಾಶಯದ ದ್ರವದಲ್ಲಿ! ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನ್ ಬಿಡಿಸುವ ವಸ್ತುವನ್ನು ಹುಡುಕುತ್ತಿದ್ದವರಿಗೆ ಇದು ಸಿಕ್ಕಿತು. ನೋಡಲ್ ಮತ್ತು ಆಕ್ಟಿವಿನ್ ಎರಡೂ ಕೋಶದೊಳಗೆ ಒಂದೇ ದಾರಿ ಹಿಡಿಯುತ್ತವೆ. ಸ್ಮ್ಯಾಡ್ 2, ಸ್ಮ್ಯಾಡ್ 3 ಎಂಬ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳನ್ನು ಕೋಶಕೇಂದ್ರಕ್ಕೆ ಕಳಿಸುತ್ತವೆ.

ಆಕ್ಟಿವಿನ್ ವಿಷಯದಲ್ಲಿ ಪ್ರಮಾಣ ಎಷ್ಟು ಮುಖ್ಯ ಎಂಬುದನ್ನು ಕಪ್ಪೆಯ ಭ್ರೂಣ ತೋರಿಸಿಕೊಟ್ಟಿತ್ತು. 1990ರಲ್ಲಿ ಜೆರೆಮಿ ಗ್ರೀನ್ ಮತ್ತು ಜಿಮ್ ಸ್ಮಿತ್ ಕಪ್ಪೆ ಭ್ರೂಣದ ಕೋಶಗಳನ್ನು ಬಿಡಿಬಿಡಿ ಮಾಡಿ ಬೇರೆ ಬೇರೆ ಪ್ರಮಾಣದ ಆಕ್ಟಿವಿನ್ ಕೊಟ್ಟರು. ಪ್ರಮಾಣ ಒಂದೂವರೆ ಪಟ್ಟು ಏರಿದರೆ ಸಾಕಿತ್ತು, ಕೋಶದ ಹಣೆಬರಹವೇ ಬದಲಾಗುತ್ತಿತ್ತು. ಸ್ನಾಯು ಆಗಬೇಕಿದ್ದದ್ದು ಬೇರೇನೋ ಆಗುತ್ತಿತ್ತು.

ಮಾನವ ಸ್ಟೆಮ್ ಸೆಲ್‌ಗಳಲ್ಲಿ ಇದು ಇನ್ನೂ ತಮಾಷೆಯಾಗಿದೆ. ಆಕ್ಟಿವಿನ್ ಕಡಿಮೆ ಇದ್ದು, ಜೊತೆಗೆ ಎಫ್‌ಜಿಎಫ್ 2 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಇದ್ದರೆ, ಸ್ಟೆಮ್ ಸೆಲ್ ಸ್ಟೆಮ್ ಸೆಲ್ ಆಗಿಯೇ ಉಳಿಯುತ್ತದೆ. 2005ರಲ್ಲಿ ಲುಡೋವಿಕ್ ವ್ಯಾಲಿಯೇ ತಂಡ ಇದನ್ನು ತೋರಿಸಿತು. ಅದೇ ವರ್ಷ ಡಿ'ಅಮೂರ್ ತಂಡ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಆಕ್ಟಿವಿನ್ ಕೊಟ್ಟು, ಶೇ. 80ರವರೆಗೆ ಒಳಪದರದ ಕೋಶಗಳನ್ನು ಪಡೆಯಿತು. ನೂರು ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ ಕೋಟಿಯಲ್ಲಿ ಒಂದು ಪಾಲು. 'ನೀನು ಇದ್ದ ಹಾಗೇ ಇರು' ಎನ್ನುವುದೂ 'ಹೊರಡು' ಎನ್ನುವುದೂ ಒಂದೇ ಪ್ರೋಟೀನ್.

ಬರೀ ಪ್ರಮಾಣ ಏರಿಸಿದರೂ ಆಗಲಿಲ್ಲ. ಪೋಷಕ ದ್ರವದಲ್ಲಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತುಂಬಾ ಕಡಿಮೆ ಇರಬೇಕಿತ್ತು. ಯಾಕೆ? ಸೀರಂನಲ್ಲಿ ಇನ್ಸುಲಿನ್ ಮತ್ತು ಅದರ ಬಳಗದ ಫ್ಯಾಕ್ಟರ್‌ಗಳು ಇರುತ್ತವೆ. ಅವು ಕೋಶದೊಳಗೆ ಪಿಐ3-ಕೈನೇಸ್ ಎಂಬ ಬೇರೊಂದು ದಾರಿಯನ್ನು ಚಾಲೂ ಮಾಡುತ್ತವೆ. ಆ ದಾರಿ ತೆರೆದಿರುವವರೆಗೆ ಆಕ್ಟಿವಿನ್ ಎಷ್ಟೇ ಸುರಿದರೂ ಕೋಶ ಒಳಪದರದ ಕಡೆ ಸರಿಯಾಗಿ ಹೊರಳುವುದಿಲ್ಲ. 2007ರಲ್ಲಿ ಇದು ಸ್ಪಷ್ಟವಾಯಿತು. ಇನ್ಸುಲಿನ್ ತಯಾರಿಸುವ ಕೋಶ ಬೇಕೆಂದರೆ ಮೊದಲ ಹಂತದಲ್ಲಿ ಇನ್ಸುಲಿನ್ ದೂರ ಇಡಬೇಕು. ಪ್ರಕೃತಿಗೆ ಹಾಸ್ಯಪ್ರಜ್ಞೆ ಇಲ್ಲ ಅಂದವರು ಯಾರು?

ಎರಡು, ಮೂರನೇ ಹಂತ: ಸುಮ್ಮನಾಗಿಸುವುದೂ ಒಂದು ಸಂಕೇತ

ಒಳಪದರದ ಕೋಶ ಸಿಕ್ಕಿತು. ಅದೀಗ ಕರುಳಾಗಬಹುದು, ಲಿವರ್ ಆಗಬಹುದು, ಮೇದೋಜೀರಕ ಗ್ರಂಥಿಯೂ ಆಗಬಹುದು. ಈ ಕವಲಿನಲ್ಲಿ ಕೆಲಸಕ್ಕೆ ಬಂದ ಜ್ಞಾನ ಅಮೆರಿಕದ ಐಡಹೊ ರಾಜ್ಯದ ಕುರಿಗಳಿಂದ ಬಂದದ್ದು.

1950ರ ದಶಕದಲ್ಲಿ ಅಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ಟುತ್ತಿದ್ದವು. ಹುಡುಕಿದಾಗ ಗೊತ್ತಾಯಿತು, ಗಬ್ಬದ ಕುರಿಗಳು ಬೆಟ್ಟದ ಮೇಲೆ ವೆರಾಟ್ರಂ ಎಂಬ ಕಾಡುಗಿಡ ತಿನ್ನುತ್ತಿದ್ದವು. ಅದರೊಳಗಿನ ವಿಷಕ್ಕೆ ಒಕ್ಕಣ್ಣಿನ ನೆನಪಲ್ಲೇ ಸೈಕ್ಲೋಪಮೀನ್ ಎಂದು ಹೆಸರಿಟ್ಟರು. ಗಮನಿಸಬೇಕಾದದ್ದು ಸಮಯ. ಗರ್ಭದ 14ನೇ ದಿನದ ಆಸುಪಾಸಿನಲ್ಲಿ ತಿಂದರೆ ಮಾತ್ರ ಒಕ್ಕಣ್ಣು. ಸೈಕ್ಲೋಪಮೀನ್ ಮಾಡುವುದು ಇಷ್ಟೇ: ಸೋನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತವನ್ನು ಕೋಶಗಳು ಗ್ರಹಿಸದಂತೆ ತಡೆಯುತ್ತದೆ. ಕಣ್ಣಾಗುವ ಜಾಗ ಎರಡಾಗಿ ಬಿಡಿಸಿಕೊಳ್ಳಲು ಆ ದಿನ ಆ ಸಂಕೇತ ಬೇಕೇ ಬೇಕು.

ಮೇದೋಜೀರಕ ಗ್ರಂಥಿಯ ಕಥೆ ಇದಕ್ಕೆ ಉಲ್ಟಾ. ಕರುಳಿನ ಕೊಳವೆಯ ಉದ್ದಕ್ಕೂ ಹೆಡ್ಜ್‌ಹಾಗ್ ಇರುತ್ತದೆ. ಗ್ರಂಥಿ ಹುಟ್ಟುವ ಜಾಗದಲ್ಲಿ ಮಾತ್ರ ಇರುವುದಿಲ್ಲ. 1998ರಲ್ಲಿ ಮಥಿಯಾಸ್ ಹೆಬ್ರೋಕ್, ಸ್ಯೂಂಗ್ ಕಿಮ್ ಮತ್ತು ಡಗ್ಲಸ್ ಮೆಲ್ಟನ್ ಕೋಳಿಯ ಭ್ರೂಣದಲ್ಲಿ ಇದರ ಕಾರಣ ಕಂಡರು. ಪಕ್ಕದಲ್ಲೇ ಇರುವ ನೋಟೋಕಾರ್ಡ್ ಎಂಬ ದಂಡದಂಥ ಅಂಗಾಂಶ ಆ ಜಾಗದ ಹೆಡ್ಜ್‌ಹಾಗ್ ಅನ್ನು ಅಡಗಿಸುತ್ತದೆ. ಅದರ ಈ ಕೆಲಸವನ್ನು ಆಕ್ಟಿವಿನ್ ಮತ್ತು ಎಫ್‌ಜಿಎಫ್ 2 ಕೊಟ್ಟು ಅನುಕರಿಸಬಹುದಿತ್ತು. ಅದೇ ವರ್ಷ ಕಿಮ್ ಮತ್ತು ಮೆಲ್ಟನ್ ಕೋಳಿ ಭ್ರೂಣಕ್ಕೆ ಸೈಕ್ಲೋಪಮೀನ್ ಕೊಟ್ಟರು. ಹೊಟ್ಟೆಯ ಗೋಡೆಯಲ್ಲೂ ಸಣ್ಣಕರುಳಿನ ಮೊದಲ ಭಾಗದಲ್ಲೂ ಮೇದೋಜೀರಕದ ಅಂಗಾಂಶ ಎದ್ದಿತು.

ಹಾಗಾಗಿ 2006ರ ವಿಧಾನದಲ್ಲಿ ಎರಡು ಮತ್ತು ಮೂರನೇ ಹಂತಕ್ಕೆ ಸೈಕ್ಲೋಪಮೀನ್ ಸೇರಿತು. ಜೊತೆಗೆ ಎಫ್‌ಜಿಎಫ್ 10, ಆಮೇಲೆ ವಿಟಮಿನ್ ಎ ಇಂದ ಬರುವ ರೆಟಿನೋಯಿಕ್ ಆಮ್ಲ. ಭ್ರೂಣದಲ್ಲಿ ಇವು ಸುತ್ತಲಿನ ಅಂಗಾಂಶಗಳಿಂದ ಬರುತ್ತವೆ. ಒಟ್ಟಾರೆ ಕೋಶಗಳು ಪಿಡಿಎಕ್ಸ್ 1 ಎಂಬ ಜೀನ್ ಚಾಲೂ ಮಾಡಿಕೊಂಡವು. ಮೇದೋಜೀರಕ ಗ್ರಂಥಿಯ ಕಡೆ ಹೊರಟಿದ್ದೇವೆ ಎನ್ನುವುದಕ್ಕೆ ಅದು ಗುರುತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರಗಿನಿಂದ ನೋಡುವವರಿಗೆ ಈ ವಿಧಾನ 'ಏನೇನು ಹಾಕುತ್ತಾರೆ' ಎಂಬ ಪಟ್ಟಿಯಾಗಿ ಕಾಣುತ್ತದೆ. ಆದರೆ ಹಾಕುವ ವಸ್ತುಗಳಲ್ಲಿ ಎಷ್ಟೋ ತಡೆಯುವ ವಸ್ತುಗಳೇ. ಕೋಶಗಳು ತಾವೇ ಸಂಕೇತಗಳನ್ನು ಬಿಟ್ಟು ಪಕ್ಕದವನ್ನು ಬೇರೆ ದಾರಿಗೆ ಎಳೆಯುತ್ತಿರುತ್ತವೆ. ಅದನ್ನು ನಿಲ್ಲಿಸದೇ ಇದ್ದರೆ ಗ್ರೋತ್ ಫ್ಯಾಕ್ಟರ್ ಎಷ್ಟು ಕೊಟ್ಟರೂ ತಟ್ಟೆಯಲ್ಲಿ ಕಲಬೆರಕೆ ಗುಂಪೇ ಸಿಗುತ್ತದೆ.

ಎಡವಿದ್ದು ನಾಲ್ಕನೇ ಹಂತದಲ್ಲಿ

ಸುಳಿವು ಸಿಕ್ಕಿದ್ದು 2008ರಲ್ಲಿ. ನೊವೊಸೆಲ್‌ನವರೇ ಕೋಶಗಳನ್ನು ಕೊನೆಯವರೆಗೆ ತಟ್ಟೆಯಲ್ಲಿ ಬೆಳೆಸದೆ, ಗ್ರಂಥಿಯ ಪೂರ್ವಜ ಕೋಶಗಳಾಗಿದ್ದಾಗಲೇ ಇಲಿಗಳಿಗೆ ಕಸಿ ಮಾಡಿದರು. ಸುಮಾರು ಮೂರು ತಿಂಗಳಲ್ಲಿ ಇಲಿಯೊಳಗೆ ಅವು ಗ್ಲೂಕೋಸಿಗೆ ಸ್ಪಂದಿಸುವ ಕೋಶಗಳಾದವು. ಬೀಟಾ ಕೋಶಗಳನ್ನು ನಾಶ ಮಾಡಿದ ಇಲಿಗಳನ್ನೂ ಮಧುಮೇಹದಿಂದ ಕಾಪಾಡಿದವು.

ಇದರ ಅರ್ಥ ಬಹಳ ದೊಡ್ಡದು. ಮೊದಲ ಮೂರು ಹಂತ ಸರಿಯಾಗಿಯೇ ಇವೆ. ಕೋಶದೊಳಗೆ ಬೀಟಾ ಆಗುವ ಸಾಮರ್ಥ್ಯ ಇದೆ. ಇಲಿಯ ದೇಹ ಏನೋ ಸರಿಯಾಗಿ ಮಾಡುತ್ತಿದೆ, ತಟ್ಟೆಯ ಕೊನೆಯ ಹಂತಗಳು ಏನೋ ಕೆಡಿಸುತ್ತಿವೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಜಾಣ ಅನ್ನಿಸುವ ಪ್ರಯೋಗ ಇದು. ಅದನ್ನು ಮಾಡಿದವರ ಗುರಿ ಚಿಕಿತ್ಸೆ. ಆದರೆ ತಪ್ಪು ಎಲ್ಲಿದೆ ಎಂಬುದನ್ನು ಹುಡುಕಿಕೊಟ್ಟದ್ದೂ ಅದೇ.

ಪೂರ್ವಜ ಕೋಶ ಹಾರ್ಮೋನ್ ಕೋಶ ಆಗಬೇಕಾದರೆ ನ್ಯೂರೋಜೆನಿನ್ 3 ಎಂಬ ಜೀನ್ ಸ್ವಲ್ಪ ಹೊತ್ತು ಚಾಲೂ ಆಗಿ ಆರಬೇಕು. ಅದನ್ನು ಹಿಡಿದಿಟ್ಟಿರುವುದು ನಾಚ್ ಎಂಬ ಸಂಕೇತ. ಇದು ತೇಲಿಬರುವ ಫ್ಯಾಕ್ಟರ್ ಅಲ್ಲ, ಮೈಗೆ ಮೈ ತಾಗಿದ ಕೋಶಗಳ ನಡುವೆ ಹರಿಯುತ್ತದೆ. 2006ರಲ್ಲಿ ಗಾಮಾ ಸೆಕ್ರಿಟೇಸ್ ತಡೆಯುವ ರಾಸಾಯನಿಕ ಕೊಟ್ಟು ನಾಚ್ ಅನ್ನು ನಿಲ್ಲಿಸಲಾಗಿತ್ತು. ತರ್ಕ ಸರಿಯಾಗಿತ್ತು. ಆದರೆ ಆ ಹೊತ್ತಿಗೆ ಹೆಚ್ಚಿನ ಕೋಶಗಳಲ್ಲಿ ಪಿಡಿಎಕ್ಸ್ 1 ಮಾತ್ರ ಇತ್ತು. ಎನ್‌ಕೆಎಕ್ಸ್ 6.1 ಎಂಬ ಇನ್ನೊಂದು ಜೀನ್ ಇನ್ನೂ ಚಾಲೂ ಆಗಿರಲಿಲ್ಲ.

ಎನ್‌ಕೆಎಕ್ಸ್ 6.1 ಇಲ್ಲದೆ ನ್ಯೂರೋಜೆನಿನ್ 3 ಬಂದರೆ ಎರಡು ಹಾರ್ಮೋನ್ ಇಟ್ಟುಕೊಂಡ ಕೋಶ ಹುಟ್ಟುತ್ತದೆ. ಇಂಥವು ಮಾನವ ಭ್ರೂಣದಲ್ಲೂ ಮೊದಮೊದಲು ಕಾಣುತ್ತವೆ. ಇಲಿಗೆ ಕಸಿ ಮಾಡಿದಾಗ ಅವು ಕೊನೆಗೆ ಗ್ಲುಕಗಾನ್ ತಯಾರಿಸುವ ಆಲ್ಫಾ ಕೋಶಗಳಾದವು. ಅಂದರೆ 2006ರ ಕೋಶಗಳು ಬಲಿಯದ ಬೀಟಾ ಕೋಶಗಳಾಗಿರಲಿಲ್ಲ. ಅವು ಬೇರೆಯೇ ದಾರಿ ಹಿಡಿದಿದ್ದವು. ಇನ್ನಷ್ಟು ದಿನ ಕಾದಿದ್ದರೂ, ಇನ್ನಷ್ಟು ಫ್ಯಾಕ್ಟರ್ ಸುರಿದಿದ್ದರೂ ಅವು ಬೀಟಾ ಆಗುತ್ತಿರಲಿಲ್ಲ.

ಗ್ರೋತ್ ಫ್ಯಾಕ್ಟರ್ ಆಟದ ಮೈದಾನದಲ್ಲಿ ಊದುವ ಸೀಟಿ ಇದ್ದ ಹಾಗೆ. ಸೀಟಿ ಒಂದೇ. ಆಟ ಯಾವ ಘಟ್ಟದಲ್ಲಿದೆ ಅನ್ನುವುದರ ಮೇಲೆ ಅದು ಶುರು ಮಾಡಿ ಅಂತಲೂ ಆಗಬಹುದು, ನಿಲ್ಲಿ ಅಂತಲೂ ಆಗಬಹುದು. ನಾಚ್ ನಿಲ್ಲಿಸುವ ಸೀಟಿ ಸರಿಯಾದದ್ದೇ, ಊದಿದ ಹೊತ್ತು ಸರಿ ಇರಲಿಲ್ಲ.

2014: ಕ್ರಮ ಬದಲಾಯಿತು

ಹಾರ್ವರ್ಡ್‌ನಲ್ಲಿ ಡಗ್ಲಸ್ ಮೆಲ್ಟನ್ ಆ ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಹಿಂದೆ ಬಿದ್ದಿದ್ದರು. ಕಪ್ಪೆಯ ಭ್ರೂಣ ಓದುತ್ತಿದ್ದ ಮನುಷ್ಯ, ಮಗನಿಗೆ ಟೈಪ್ 1 ಮಧುಮೇಹ ಬಂದ ಮೇಲೆ ಈ ಕಡೆ ತಿರುಗಿದವರು. ಮುಂದೆ ಮಗಳಿಗೂ ಅದೇ ಕಾಯಿಲೆ ಬಂತು. 2014ರ ಅಕ್ಟೋಬರಿನಲ್ಲಿ ಅವರ ತಂಡ ಹೊಸ ವಿಧಾನ ಪ್ರಕಟಿಸಿತು. ಅದಕ್ಕೂ ಮೊದಲು 70ಕ್ಕೂ ಹೆಚ್ಚು ಸಂಯುಕ್ತಗಳ 150ಕ್ಕೂ ಹೆಚ್ಚು ಜೋಡಣೆಗಳನ್ನು ಪರೀಕ್ಷಿಸಿದ್ದರು. ಅದೇ ವರ್ಷ ಅಲಿರೇಜಾ ರೆಜಾನಿಯಾ, ಟಿಮೊಥಿ ಕೀಫರ್ ಮತ್ತು ಸಂಗಡಿಗರ ಏಳು ಹಂತದ ವಿಧಾನವೂ ಬಂತು.

ಮೆಲ್ಟನ್ ವಿಧಾನದ ಮೊದಲ ಹಂತದಲ್ಲಿ ಅದೇ ಆಕ್ಟಿವಿನ್ ಇತ್ತು, ಜೊತೆಗೆ ವಿಂಟ್ ಸಂಕೇತ ಎಬ್ಬಿಸುವ ಒಂದು ಸಣ್ಣ ಅಣು. ನಂತರ ಎಫ್‌ಜಿಎಫ್ ಬಳಗದ ಕೆಜಿಎಫ್. ಹೆಡ್ಜ್‌ಹಾಗ್ ತಡೆಯಲು ಸೈಕ್ಲೋಪಮೀನ್ ಬದಲು ಸ್ಯಾಂಟ್ 1 ಎಂಬ ರಾಸಾಯನಿಕ. ಮುಖ್ಯವಾದ ಬದಲಾವಣೆ ನಡುವಿನದು. ಪಿಡಿಎಕ್ಸ್ 1 ಬಂದ ಮೇಲೆ ಅವಸರ ಮಾಡಲಿಲ್ಲ. ಕೆಜಿಎಫ್, ಸ್ಯಾಂಟ್ 1 ಮತ್ತು ಕಡಿಮೆ ಪ್ರಮಾಣದ ರೆಟಿನೋಯಿಕ್ ಆಮ್ಲದಲ್ಲಿ ಇನ್ನೂ ಐದು ದಿನ ಬಿಟ್ಟರು. ಎನ್‌ಕೆಎಕ್ಸ್ 6.1 ಚಾಲೂ ಆಯಿತು. ಆಮೇಲೆ ನಾಚ್ ನಿಲ್ಲಿಸಿದರು. ಆ ಹಂತದಲ್ಲಿ ಬೀಟಾಸೆಲ್ಯುಲಿನ್ ಎಂಬ ಗ್ರೋತ್ ಫ್ಯಾಕ್ಟರ್, ಥೈರಾಯ್ಡ್ ಹಾರ್ಮೋನ್ ಟಿ3, ಜೊತೆಗೆ ಟಿಜಿಎಫ್-ಬೀಟಾ ಸಂಕೇತ ತಡೆಯುವ ಒಂದು ರಾಸಾಯನಿಕ. ಎಲ್ಲ ಮುಗಿಯಲು ನಾಲ್ಕೈದು ವಾರ. ಚಪ್ಪಟೆ ತಟ್ಟೆ ಬಿಟ್ಟು, ಮೆಲ್ಲಗೆ ತಿರುಗುವ ಫ್ಲಾಸ್ಕ್‌ನಲ್ಲಿ ಕೋಶಗಳ ಗುಂಡುಗಳನ್ನು ತೇಲಿಬಿಟ್ಟು ಬೆಳೆಸಿದರು. ಒಂದು ಬಾರಿಗೆ ಕೋಟಿಗಟ್ಟಲೆ ಕೋಶ ಸಿಗುವಂತಾಯಿತು.

ಪರೀಕ್ಷೆಯೂ ಕಟ್ಟುನಿಟ್ಟಾಗಿತ್ತು. ಗ್ಲೂಕೋಸ್ ಮಟ್ಟವನ್ನು ಡೆಸಿಲೀಟರಿಗೆ ಸುಮಾರು 36 ಮಿಲಿಗ್ರಾಂನಿಂದ ಸುಮಾರು 360ಕ್ಕೆ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಒಂದು ಸಲ ಸ್ಪಂದಿಸಿದರೆ ಅದು ಅದೃಷ್ಟ ಇರಬಹುದು. ಮತ್ತೆ ಮತ್ತೆ ಸ್ಪಂದಿಸಿದರೆ ಮಾತ್ರ ಬೀಟಾ ಕೋಶ ಅನ್ನಬಹುದು. ಬಹಳಷ್ಟು ಕೋಶಗುಂಡುಗಳು ಪಾಸಾದವು. ಸರಾಸರಿ ಮೂರರಲ್ಲಿ ಒಂದು ಕೋಶ ಇನ್ಸುಲಿನ್ ಗುರುತು ಮತ್ತು ಎನ್‌ಕೆಎಕ್ಸ್ 6.1 ಎರಡನ್ನೂ ಹೊಂದಿತ್ತು. ರೆಜಾನಿಯಾ ತಂಡದ ಕೋಶಗಳು ಮಧುಮೇಹದ ಇಲಿಗಳನ್ನು 40 ದಿನದೊಳಗೆ ಸರಿಪಡಿಸಿದವು. ಪೂರ್ವಜ ಕೋಶ ಹಾಕಿದಾಗ ಇದಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತಿತ್ತು.

ಮರುವರ್ಷ ಹೆಬ್ರೋಕ್ ತಂಡ ಇದೇ ಪಾಠವನ್ನು ಇನ್ನೊಂದು ಕಡೆಯಿಂದ ತೋರಿಸಿತು. ಎಲ್ಲರೂ ರೂಢಿಯಂತೆ ಹಾಕುತ್ತಿದ್ದ, ಬಿಎಂಪಿ ಎಂಬ ಸಂಕೇತವನ್ನು ತಡೆಯುವ ರಾಸಾಯನಿಕವೇ ನ್ಯೂರೋಜೆನಿನ್ 3 ಅನ್ನು ಬೇಗ ಎಬ್ಬಿಸುತ್ತಿತ್ತು. ಅದನ್ನು ಬಿಟ್ಟು, ರೆಟಿನೋಯಿಕ್ ಆಮ್ಲ ಮೊದಲು, ಇಜಿಎಫ್ ಮತ್ತು ಕೆಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್‌ಗಳು ಆಮೇಲೆ ಎಂದು ಕ್ರಮ ಮಾಡಿದಾಗ ಸರಿಯಾದ ಪೂರ್ವಜರು ಸಿಕ್ಕರು. ಏನು ಹಾಕಬಾರದು ಅನ್ನುವುದಕ್ಕೂ ಸಂಶೋಧನೆ ಬೇಕಾಯಿತು.

ಮತ್ತೆ ಅದೇ ಸಂಕೇತ

ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು. ಆದರೆ 2014ರ ಕೋಶಗಳೂ ಪಕ್ಕಾ ಬೀಟಾ ಅಲ್ಲ. ನಿಜವಾದ ಬೀಟಾ ಕೋಶ ಗ್ಲೂಕೋಸ್ ಬಂದ ಕೂಡಲೇ ಒಂದು ಜೋರು ಅಲೆ ಇನ್ಸುಲಿನ್ ಬಿಡುತ್ತದೆ, ಆಮೇಲೆ ನಿಧಾನದ ಎರಡನೇ ಅಲೆ. ಹೊಸ ಕೋಶಗಳಲ್ಲಿ ಈ ಎರಡು ಅಲೆಯ ಲಯ ಸರಿಯಾಗಿ ಇರಲಿಲ್ಲ.

2019ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಮಿಲ್‌ಮನ್ ತಂಡ ಕಾರಣ ಹುಡುಕಿತು. ಇವರು ಮೆಲ್ಟನ್ ಲ್ಯಾಬಿನಿಂದಲೇ ಬಂದವರು, 2014ರ ವರದಿಯ ಲೇಖಕರಲ್ಲೂ ಒಬ್ಬರು. ಟಿಜಿಎಫ್-ಬೀಟಾ ತಡೆಯುವ ರಾಸಾಯನಿಕವನ್ನು ಕೊನೆಯ ಹಂತದಲ್ಲೂ ಹಾಕುತ್ತಿದ್ದರಲ್ಲ, ಅದನ್ನು ಬಿಟ್ಟುಬಿಟ್ಟರು. ಕೋಶಗಳು ಎರಡು ಅಲೆಯ ಸ್ಪಂದನೆ ತೋರಿಸತೊಡಗಿದವು.

ಇದರ ಮಜಾ ಏನೆಂದರೆ, ಈ ರಾಸಾಯನಿಕ ಮುಚ್ಚುತ್ತಿದ್ದದ್ದು ಸ್ಮ್ಯಾಡ್ 2, 3 ಬಳಸುವ ಅದೇ ದಾರಿಯನ್ನು. ಮೊದಲ ಹಂತದಲ್ಲಿ ಆಕ್ಟಿವಿನ್ ತೆರೆದಿದ್ದೂ ಅದನ್ನೇ. ಮೊದಲ ಮೂರು ದಿನ ಆ ದಾರಿ ಜೋರಾಗಿ ತೆರೆದಿರಬೇಕು. ಹಾರ್ಮೋನ್ ಕೋಶ ಹುಟ್ಟುವ ಹಂತದಲ್ಲಿ ಮುಚ್ಚಿರಬೇಕು. ಬಲಿಯುವಾಗ ಮತ್ತೆ ತೆರೆದಿರಬೇಕು. ಒಂದೇ ಸಂಕೇತಕ್ಕೆ ಐದು ವಾರದಲ್ಲಿ ಮೂರು ಪಾತ್ರ. ಕೋಶದ ಡಿಎನ್‌ಎ ಯಾವ ಕಡೆ ಬಿಚ್ಚಿಕೊಂಡಿದೆ, ಯಾವ ಕಡೆ ಸುತ್ತಿಕೊಂಡಿದೆ ಅನ್ನುವುದು ಹಂತದಿಂದ ಹಂತಕ್ಕೆ ಬದಲಾಗುತ್ತದೆ. ಸ್ಮ್ಯಾಡ್ ಬಂದು ಕೂರುವುದು ಬಿಚ್ಚಿಕೊಂಡ ಜಾಗದಲ್ಲಿ. ಅದಕ್ಕೇ ಫಲಿತಾಂಶ ಬೇರೆ ಬೇರೆ.

ಗ್ರೋತ್ ಫ್ಯಾಕ್ಟರ್‌ಗೆ ಸಂಬಂಧವೇ ಇಲ್ಲದ ಸಂಗತಿಗಳೂ ಕೈ ಆಡಿಸುತ್ತವೆ. 2020ರಲ್ಲಿ ಮಿಲ್‌ಮನ್ ಲ್ಯಾಬಿನ ನಥಾನಿಯಲ್ ಹೋಗ್ರೀಬ್ ಮತ್ತು ಸಂಗಡಿಗರು ಕೋಶದ ಒಳಗಿನ ಆಕ್ಟಿನ್ ಎಳೆಗಳ ಬಿಗಿತ ನ್ಯೂರೋಜೆನಿನ್ 3 ಬರುವ ಸಮಯವನ್ನು ಬದಲಿಸುತ್ತದೆ ಎಂದು ತೋರಿಸಿದರು. ಸರಿಯಾದ ಹೊತ್ತಿಗೆ ಆ ಎಳೆಗಳನ್ನು ಸಡಿಲಿಸುವ ರಾಸಾಯನಿಕ ಕೊಟ್ಟಾಗ, ಚಪ್ಪಟೆ ತಟ್ಟೆಯಲ್ಲೇ ಒಳ್ಳೆಯ ಬೀಟಾ ಕೋಶ ಬಂದವು. ಮನುಷ್ಯನಿಗೆ ಕೂತ ಜಾಗ ಎಷ್ಟು ಮುಖ್ಯವೋ ಕೋಶಕ್ಕೂ ಅಷ್ಟೇ ಅಲ್ವಾ.

ಇನ್ನು ಉಳಿದ ಮೂರರಲ್ಲಿ ಎರಡು ಪಾಲು ಕೋಶಗಳು ಏನಾದವು? 2019ರಲ್ಲಿ ಮೆಲ್ಟನ್ ಲ್ಯಾಬ್ ಒಂದೊಂದೇ ಕೋಶದ ಜೀನ್ ಚಟುವಟಿಕೆ ಓದಿ ಉತ್ತರ ಕೊಟ್ಟಿತು. ಕೆಲವು ಆಲ್ಫಾ ಥರದವು. ಕೆಲವು ಗ್ರಂಥಿಯ ಬೇರೆ ಭಾಗದವು. ಒಂದು ಗುಂಪು ಸೆರೊಟೋನಿನ್ ತಯಾರಿಸುವ, ಕರುಳಿನ ಎಂಟೆರೊಕ್ರೊಮಾಫಿನ್ ಕೋಶಗಳನ್ನು ಹೋಲುವಂಥದ್ದು. ಐದು ವಾರ ಅಷ್ಟು ಕಾಳಜಿಯಿಂದ ನಡೆಸಿಕೊಂಡು ಹೋದರೂ, ಕರುಳಿನ ಕಡೆಗಿನ ಕವಲನ್ನು ಪೂರ್ತಿ ಮುಚ್ಚಲು ಆಗಿರಲಿಲ್ಲ.

ರೋಗಿಯವರೆಗೆ

ಮೆಲ್ಟನ್ ಕಟ್ಟಿದ ಸೆಮ್ಮಾ ಥೆರಪ್ಯೂಟಿಕ್ಸ್ ಕಂಪನಿಯನ್ನು 2019ರಲ್ಲಿ ವರ್ಟೆಕ್ಸ್ ಎಂಬ ಔಷಧ ಕಂಪನಿ 95 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಮೊದಲ ರೋಗಿಗೆ ಕೋಶಗಳನ್ನು ಕೊಟ್ಟರು. ಈಗ ಅದಕ್ಕೆ ಜಿಮಿಸ್ಲೆಸೆಲ್ ಎಂಬ ಹೆಸರಿದೆ. ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳದ ಮೂಲಕ ಕೋಶಗುಚ್ಛಗಳನ್ನು ಬಿಡುತ್ತಾರೆ. ಅವು ಲಿವರ್‌ನಲ್ಲೇ ನೆಲೆಸುತ್ತವೆ. ಕೋಶಗಳಿಗೆ ಮೇದೋಜೀರಕ ಗ್ರಂಥಿಯೇ ಬೇಕೆಂದೇನಿಲ್ಲ, ರಕ್ತದ ಸಂಪರ್ಕ ಸಿಕ್ಕರೆ ಸಾಕು.

2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೂರ್ತಿ ಪ್ರಮಾಣ ಪಡೆದ 12 ಜನರಿದ್ದರು. ಒಂದು ವರ್ಷದ ಹೊತ್ತಿಗೆ 10 ಜನ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದರು. ಸಕ್ಕರೆ ಅಪಾಯಕಾರಿಯಾಗಿ ಇಳಿಯುವ ಘಟನೆಗಳು 12 ಜನರಲ್ಲೂ ನಿಂತಿದ್ದವು. ಈ ರೋಗಿಗಳನ್ನು ಆರಿಸಿದ್ದೇ ಅಂಥ ಘಟನೆಗಳ ಕಾಟ ಇದ್ದುದರಿಂದ. ಇದು ಚಿಕ್ಕ ಮಾತಲ್ಲ.

ಇದೇ ಪ್ರಯೋಗದಲ್ಲಿ ಇಬ್ಬರು ತೀರಿಕೊಂಡರು. ಒಬ್ಬರು ಕ್ರಿಪ್ಟೊಕಾಕಸ್ ಶಿಲೀಂಧ್ರದಿಂದ ಬಂದ ಮೆದುಳುಪೊರೆಯ ಸೋಂಕಿನಿಂದ, ಇನ್ನೊಬ್ಬರು ಮೊದಲೇ ಇದ್ದ ಮೆದುಳಿನ ತೊಂದರೆ ಉಲ್ಬಣಿಸಿ. ಕಸಿ ಮಾಡಿದ ಕೋಶ ಬೇರೆಯವರದ್ದು. ಅದನ್ನು ಉಳಿಸಿಕೊಳ್ಳಲು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನು ತೆಗೆದುಕೊಳ್ಳುತ್ತಲೇ ಇರಬೇಕು. ಚುಚ್ಚುಮದ್ದಿನ ಬದಲು ಆ ಔಷಧಿ ಒಪ್ಪಿಕೊಳ್ಳುವುದು ಎಲ್ಲ ರೋಗಿಗಳಿಗೂ ಲಾಭದ ವ್ಯಾಪಾರವಲ್ಲ. ಈ ಮಾತನ್ನು ಉತ್ಸಾಹದ ಸುದ್ದಿಗಳು ಕೊನೆಯ ಸಾಲಿಗೆ ತಳ್ಳುತ್ತವೆ. ನನ್ನ ಪ್ರಕಾರ ಅದು ಮೊದಲ ಸಾಲಿನಲ್ಲಿ ಇರಬೇಕಾದದ್ದು. ಹಾಗೆಯೇ, ಬದಲಾಗದೆ ಸ್ಟೆಮ್ ಸೆಲ್ ಆಗಿಯೇ ಇರುವ ಕೋಶ ಒಂದಿಷ್ಟು ಉಳಿದರೂ ಟೆರಟೋಮ ಎಂಬ ಗಡ್ಡೆಯಾಗುವ ಭಯ ಇದೆ. ಯಾವ ಕೋಶ, ಯಾವ ಹಂತ, ಎಷ್ಟು ಶುದ್ಧ ಎಂದು ಹೇಳದೆ 'ಸ್ಟೆಮ್ ಸೆಲ್ ಮತ್ತು ಗ್ರೋತ್ ಫ್ಯಾಕ್ಟರ್ ಚಿಕಿತ್ಸೆ' ಮಾರುವವರಿಂದ ದೂರ ಇರಲು ಇಷ್ಟು ಕಾರಣ ಸಾಕು.

ಔಷಧಿ ತಪ್ಪಿಸುವ ದಾರಿಗಳನ್ನು ಹುಡುಕಿದ್ದಾರೆ. ನೊವೊಸೆಲ್ ಮುಂದೆ ವಯಾಸೈಟ್ ಎಂದು ಹೆಸರು ಬದಲಿಸಿಕೊಂಡು, ಪೂರ್ವಜ ಕೋಶಗಳನ್ನು ಸಣ್ಣ ರಂಧ್ರಗಳ ಚೀಲದಲ್ಲಿಟ್ಟು ಚರ್ಮದ ಕೆಳಗೆ ಇಡಲು 2014ರಲ್ಲಿ ಶುರು ಮಾಡಿತು. ಚೀಲದ ಸುತ್ತ ದೇಹ ನಾರಿನ ಗೋಡೆ ಕಟ್ಟಿತು. ಆಮ್ಲಜನಕ ಸಿಗದೆ ಕೋಶಗಳು ಸೊರಗಿದವು. 2022ರಲ್ಲಿ ಈ ಕಂಪನಿಯನ್ನೂ ವರ್ಟೆಕ್ಸ್ ಕೊಂಡಿತು.

ಇನ್ನೊಂದು ದಾರಿ ರೋಗಿಯ ಸ್ವಂತ ಕೋಶ. 2006ರಲ್ಲೇ ಶಿನ್ಯಾ ಯಮನಾಕ ಇಲಿಯ ಸಾಮಾನ್ಯ ಕೋಶವನ್ನು ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಥರ ಮಾಡಿದ್ದರು. 2024ರಲ್ಲಿ ಚೀನಾದ ಡೆಂಗ್ ಹಾಂಗ್‌ಕುಯಿ ತಂಡ ಟೈಪ್ 1 ಮಧುಮೇಹ ಇರುವ 25 ವರ್ಷದ ಮಹಿಳೆಯ ಕೋಶಗಳನ್ನೇ ರಾಸಾಯನಿಕಗಳಿಂದ ಹಿಂದಕ್ಕೆ ತಿರುಗಿಸಿ, ಬೀಟಾ ಕೋಶಗುಚ್ಛ ಬೆಳೆಸಿ, ಹೊಟ್ಟೆಯ ಸ್ನಾಯುವಿನ ಪೊರೆಯ ಕೆಳಗೆ ಕಸಿ ಮಾಡಿದ್ದನ್ನು ವರದಿ ಮಾಡಿತು. 75ನೇ ದಿನದಿಂದ ಆಕೆಗೆ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ಆಕೆಗೆ ಹಿಂದೆಯೇ ಲಿವರ್ ಕಸಿ ಆಗಿತ್ತು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಆಗಲೇ ನಡೆಯುತ್ತಿತ್ತು. ಹಾಗಾಗಿ ಸ್ವಂತ ಬೀಟಾ ಕೋಶಗಳ ಮೇಲೆ ಮೊದಲು ದಾಳಿ ಮಾಡಿದ ರೋಗನಿರೋಧಕ ಪಡೆ ಹೊಸ ಕೋಶಗಳನ್ನು ಬಿಟ್ಟುಬಿಡುತ್ತದೆಯೇ ಎಂಬ ಪ್ರಶ್ನೆಗೆ ಆ ಪ್ರಯೋಗದಿಂದ ಉತ್ತರ ಸಿಗಲಿಲ್ಲ.